ಸೂರ್ಯಾಸ್ತಕ್ಕೆ ಮೊದಲು ಸುಶಿ

ಸುಶಿಯ ತಟ್ಟೆ ಮೇಜಿಗೆ ಬಂದಾಗ ಬೆಂಗಳೂರಿನಲ್ಲಿ ಸೂರ್ಯ ಮುಳುಗಿ ಎರಡು ನಿಮಿಷವಾಗಿತ್ತು. ಜಪಾನೀ ಹೋಟೆಲಿನ ಕಿಟಕಿಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದ ಶ್ರೀಪಾಲರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಮೂಡಬಿದ್ರೆಯಲ್ಲಿ ಬಸದಿಯೊಂದರ ಉಸ್ತುವಾರಿ ನೋಡುವ ಅವರು ಅರುವತ್ತು ವರ್ಷಗಳಲ್ಲಿ ಒಮ್ಮೆಯೂ ಸೂರ್ಯ ಮುಳುಗಿದ ಮೇಲೆ ಉಂಡವರಲ್ಲ. ಮಗಳು ತ್ರಿಶಾ ಮೆಚ್ಚಿದ ಹುಡುಗ ಇಲ್ಲಿಯ ಅಡುಗೆಯವ. ಅವನ ಕೈಯ ಊಟ ಒಮ್ಮೆ ಉಣ್ಣುತ್ತೇನೆ, ಮದುವೆಯ ಮಾತು ಆಮೇಲೆ ಎಂದು ಹೇಳಿಯೇ ಬಂದಿದ್ದರು.

ಆ ಹುಡುಗ, ಮೂಡಬಿದ್ರೆ ಕಡೆಯದೇ ವಾಮದಪದವಿನ ಸಂದೇಶ್, ಇದಕ್ಕಾಗಿ ಮೂರು ದಿನ ಒದ್ದಾಡಿದ್ದ. ಮೀನಿಲ್ಲ, ಈರುಳ್ಳಿಯಿಲ್ಲ, ಗೆಡ್ಡೆಯಿಲ್ಲ. ತೆಳ್ಳಗೆ ಹೆಚ್ಚಿದ ಮುಳ್ಳುಸೌತೆಯ ಸುರುಳಿಯೊಳಗೆ ಲಿಂಬೆಹುಳಿ ಹಿಂಡಿದ ಅನ್ನ. ಹೆಚ್ಚಿದ ಚಾಕು ಕೂಡ ಹೊಸದು.

"ಇನ್ನೂ ಸಮಯ ಉಂಟಲ್ಲ ಸರ್," ಎಂದು ಅವನು ಏಪ್ರನ್ನಿನ ಕಿಸೆಯಿಂದ ಬಸದಿಯ ಕ್ಯಾಲೆಂಡರಿನ ಹಾಳೆ ತೆಗೆದು ಮೇಜಿನ ಮೇಲಿಟ್ಟ. "ಸೂರ್ಯಾಸ್ತ ಆರು ಮೂವತ್ತೊಂಬತ್ತು ಅಂತ ಇದರಲ್ಲಿ ಉಂಟು."

"ಅದು ಊರಿನ ಲೆಕ್ಕ ಮಾರಾಯ," ಎಂದಳು ಅಪ್ಪನ ಪಕ್ಕ ಕೂತಿದ್ದ ತ್ರಿಶಾ, ತಲೆ ತಗ್ಗಿಸಿ. "ಇಲ್ಲಿ ಹತ್ತು ನಿಮಿಷ ಮೊದಲೇ ಮುಳುಗ್ತದೆ."

ಸಂದೇಶನ ಮುಖ ಬಿಳಿಚಿತು. ತಟ್ಟೆ ಎತ್ತಲು ಬಗ್ಗಿದ. ಶ್ರೀಪಾಲರು ತಟ್ಟೆಯ ಅಂಚನ್ನು ಒಂದು ಬೆರಳಿನಿಂದ ಒತ್ತಿ ಹಿಡಿದರು. ಇನ್ನೊಂದು ಕೈಯಲ್ಲಿ ಕನ್ನಡಕ ಏರಿಸಿಕೊಂಡು, ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಕಿಟಕಿಯ ಕಡೆ ಮಾತ್ರ ನೋಡಲಿಲ್ಲ.

"ಇದರ ಪ್ರೂಫ್ ನೋಡಿದ್ದು ನಾನೇ," ಎಂದರು. "ತಪ್ಪಿರ್ಲಿಕ್ಕಿಲ್ಲ."

ಊಟದ ಕಡ್ಡಿಗಳನ್ನು ಬದಿಗೆ ಸರಿಸಿ, ಒಂದು ಸುರುಳಿಯನ್ನು ಕೈಯಲ್ಲೇ ಎತ್ತಿ ಬಾಯಿಗಿಟ್ಟರು.

"ನೀನೂ ಕೂತ್ಕೋ. ಇನ್ನು ಏಳು ನಿಮಿಷ ಉಂಟು."