ಹಣೆಗೆ ಹಿಡಿದ ಎಲೆ

ಶಿವಬಸಪ್ಪ ತನ್ನ ಇಸ್ಪೀಟೆಲೆಯನ್ನು ನೋಡದೆ ಎತ್ತಿ, ಮಿಕ್ಕವರಿಗೆ ಕಾಣುವಂತೆ ಹಣೆಗೆ ಹಿಡಿದುಕೊಂಡ. ಎಪ್ಪತ್ತೊಂದರ ಯುದ್ಧ ಮುಗಿಸಿ ರಾಜಾಜಿನಗರದ ಮನೆಗೆ ರಜೆಯ ಮೇಲೆ ಬಂದಿದ್ದ ತಮ್ಮ ಪಂಚಾಕ್ಷರಿ, ಮಧ್ಯಾಹ್ನದ ಊಟವಾದ ಮೇಲೆ ಈ ಹೊಸ ಬಗೆಯ ಪೋಕರ್ ಕಲಿಸುತ್ತಿದ್ದ.

"ನಮ್ಮೆಲೆ ನಮಗೆ ಕಾಣ್ಬಾರ್ದು ಅಣ್ಣ. ಎದುರಿಗಿರೋರ ಮುಖ ನೋಡಿ ನಮ್ದು ಏನಿದೆ ಅಂತ ಊಹಿಸ್ಬೇಕು. ದೊಡ್ಡೆಲೆ ಇದ್ದೋರು ಗೆದ್ದಂಗೆ. ಸೋಲ್ತೀನಿ ಅನ್ನಿಸಿದ್ರೆ ಪ್ಯಾಕ್ ಅಂದು ಕೆಳಗಿಟ್ಬಿಡು."

ಹೆಂಡತಿ ಕಮಲಾಕ್ಷಮ್ಮನ ಹಣೆಯ ಮೇಲೆ ಗುಲಾಮನಿದ್ದ, ತಮ್ಮನ ಹಣೆಯ ಮೇಲೆ ರಾಣಿ. ಶಿವಬಸಪ್ಪ ನಗುತ್ತಲೇ ಅವರ ಮುಖ ಓದತೊಡಗಿದ. ಹೆಂಡತಿಯ ತುಟಿ ನಡುಗಿತು. ಪಂಚಾಕ್ಷರಿ ಪಣಕ್ಕಿಟ್ಟ ಹುಣಸೆಬೀಜಗಳತ್ತ ಕಣ್ಣು ತಿರುಗಿಸಿಬಿಟ್ಟ. ಇಷ್ಟೊಂದು ಮರುಗುತ್ತಿದ್ದಾರೆಂದರೆ ತನ್ನದು ಎರಡೋ ಮೂರೋ ಇರಬೇಕು.

"ಪ್ಯಾಕ್ ಕಣಪ್ಪಾ," ಎಂದು ಎಲೆಯನ್ನು ಕೆಳಗಿಟ್ಟ. ನೋಡಿದರೆ ಆಟೀನ್ ಎಕ್ಕ! ಅದಕ್ಕಿಂತ ದೊಡ್ಡ ಎಲೆಯೇ ಇಲ್ಲ.

"ಇಂಥಾದ್ದನ್ನ ಬಿಟ್ಟುಕೊಟ್ನಲ್ಲೋ!" ಎಂದು ನಕ್ಕ. ಅವರಿಬ್ಬರೂ ನಗಲಿಲ್ಲ. ಅವರು ಎಲೆಯನ್ನು ನೋಡಿರಲೇ ಇಲ್ಲ. ಗೋಡೆಯ ಫೋಟೋದೊಳಗೆ ಸೇರಿದವರನ್ನು ನೋಡುವ ಹಾಗೆ ಅವನನ್ನೇ ನೋಡುತ್ತಿದ್ದರು. ನಿನ್ನೆ ಆಸ್ಪತ್ರೆಯಲ್ಲಿ ಡಾಕ್ಟರು ಅವರಿಬ್ಬರನ್ನು ಮಾತ್ರ ಒಳಗೆ ಕರೆದು ಬಹಳ ಹೊತ್ತು ಕೂರಿಸಿಕೊಂಡಿದ್ದರು. "ಬರೀ ಹೊಟ್ಟೆಹುಣ್ಣಂತೆ ಕಣ್ರೀ," ಎಂದಿದ್ದಳು ಹೊರಗೆ ಬಂದ ಕಮಲಾಕ್ಷಮ್ಮ.

ಶಿವಬಸಪ್ಪನ ನಗು ನಿಂತಿತು.

"ಕಮಲಾ," ಎಂದ ಮೆಲ್ಲಗೆ, "ಡಾಕ್ಟ್ರು ಎಷ್ಟು ದಿನ ಅಂದ್ರು?"