ಒಂಬತ್ತನೆಯ ನಿಯಮ

ಆ ಗುಂಪಿನಲ್ಲಿ ಯಾರಿಗೂ ತಾಳ್ಮೆ ಇರಲಿಲ್ಲ. ಗುಂಪು ಕಟ್ಟಿದ ವಾಸುದೇವಯ್ಯನವರೂ ಸೇರಿ ಇಪ್ಪತ್ತು ಜನ, ಸಂಬಳವಿಲ್ಲದೆ, ಕನ್ನಡ ನಿಘಂಟಿನ ಮುಕ್ತ ತಂತ್ರಾಂಶ ಮಾಡುತ್ತಿದ್ದರು. ‘ಹುಡುಕು’ ಗುಂಡಿ ಹಸಿರಾಗಿರಬೇಕೆಂದು ಈರಣ್ಣ, ಹಳದಿಯೇ ಆಗಬೇಕೆಂದು ಶಮೀನಾ ವಾರವಿಡೀ ಆನ್‌ಲೈನಿನಲ್ಲಿ ಬೈದಾಡಿಕೊಂಡರು. ಬಿಡುಗಡೆ ನಿಂತುಹೋಯಿತು.

ವಾಸುದೇವಯ್ಯ ಆ ತಿಂಗಳ ಒಂಬತ್ತನೆಯ ನಿಯಮ ಹೊರಡಿಸಿದರು: ಜಗಳವಾಡುವವರು ಟೈಪ್ ಮಾಡುವ ಮೊದಲು ಪರಸ್ಪರ ಫೋನ್ ಮಾಡಿ ಮರ್ಯಾದೆಯಿಂದ ಮಾತಾಡಬೇಕು.

ಸಂಜೆ ಇಬ್ಬರೂ ಒಟ್ಟಿಗೆ ಅವರಿಗೆ ಕರೆ ಮಾಡಿದರು.

“ರಾಜಿ ಆದ್ವಿ ಸಾರ್,” ಎಂದಳು ಶಮೀನಾ.

“ಭೇಷ್! ಹಸಿರೋ, ಹಳದಿಯೋ?”

“ಬಣ್ಣದ ಮಾತು ಬಿಡ್ರಿ ಸರ,” ಎಂದ ಈರಣ್ಣ. “ನಿಮ್ಮ ನಿಯಮದ ಕಾಟ ಸಾಕಾಗೇತಿ ಅನ್ನೂದ್ರಾಗ ನಾವಿಬ್ರೂ ಒಂದ.”

“ಏನಯ್ಯಾ ಹಂಗಂದ್ರೆ?”

“ದಯವಿಟ್ಟು ಬೇಜಾರಾಗ್ಬೇಡಿ ಸಾರ್,” ಎಂದಳು ಶಮೀನಾ. “ಮುಕ್ತ ತಂತ್ರಾಂಶ ಅಲ್ವಾ, ಯಾರು ಬೇಕಾದ್ರೂ ನಕಲು ಮಾಡ್ಕೋಬಹುದು. ನಾವು ಮಾಡ್ಕೊಂಡು ಬೇರೆ ಗುಂಪು ಶುರು ಮಾಡಿದ್ವಿ. ಉಳಿದವರಿಗೂ ಫೋನ್ ಮಾಡಿ ಮರ್ಯಾದೆಯಿಂದ ಕರೆದ್ವಿ.”

ವಾಸುದೇವಯ್ಯ ಗುಂಪಿನ ಪುಟ ತೆರೆದು ನೋಡಿದರು. ಹತ್ತೊಂಬತ್ತು ಜನ, ಒಬ್ಬರೂ ಬೈಯದೆ, ಹೋಗಿದ್ದರು.