ಹುಡುಗನ ಸುಳಿವು

ಎರಡನೇ ಏಟಿಗೆ ದೇವರಾಜನ ಕನ್ನಡಕ ಕೌಂಟರಿನ ಹಿಂದೆ ಹಾರಿತು.

"ನನ್ನ ತಂಗಿ ಎಲ್ಲಿ?" ನಾಗರಾಜ ಕೇಳಿದ. ಇದನ್ನು ಏಟಿಗೆ ಮೊದಲೇ ಕೇಳಬಹುದಿತ್ತು. ಆದರೆ ಅವನ ಪದ್ಧತಿಯಲ್ಲಿ ತೀರ್ಮಾನ ಮೊದಲು, ವಿಚಾರಣೆ ಆಮೇಲೆ.

ಭಟ್ಕಳದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ದೇವರಾಜ ಕೆನ್ನೆ ಹಿಡಿದುಕೊಂಡೇ ಉತ್ತರಿಸಿದ. ಸುಚಿತಾ ತಿಂಗಳಿಗೊಮ್ಮೆ ರೀಚಾರ್ಜಿಗೆ ಬರುತ್ತಿದ್ದಳು, ಅಷ್ಟೇ. "ಬಂದಾಗೆಲ್ಲ ನಗ್ತಿತ್ತು" ಎಂದು ಸೇರಿಸಿದ್ದು ಅವನ ತಪ್ಪು. ಮೂರನೇ ಏಟು ಅದಕ್ಕೆ ಬಿತ್ತು.

ಮಾವಳ್ಳಿಯ ಮನೆಯಲ್ಲಿ ಬೆಳಿಗ್ಗೆ ಚೀಟಿ ಸಿಕ್ಕಿತ್ತು. "ಪ್ರೀತಿಸಿದ ಜೀವದ ಜೊತೆ ಹೋಗುತ್ತಿದ್ದೇನೆ. ಹುಡುಕಬೇಡಿ." ಭಾನುವಾರ ನಿಶ್ಚಿತಾರ್ಥ. ವರ ದುರ್ಗಪ್ಪ, ನಲವತ್ತೈದರ ವಿಧುರ, ಎರಡು ಬೋಟುಗಳ ಯಜಮಾನ. ಸಂಬಂಧ ಕೂಡಿದರೆ ಒಂದು ಬೋಟಿಗೆ ನಾಗರಾಜನೇ ತಾಂಡೇಲ. ಬಲೆ ಎಳೆಯುವವರ ಸಾಲಿನಿಂದ ಒಂದೇ ನೆಗೆತಕ್ಕೆ ಚುಕ್ಕಾಣಿಗೆ. ತಂಗಿ ಬೇಡ ಎಂದಿದ್ದಳು. ಅಮ್ಮ ಜಯಂತಿಯೂ ಬೇಡ ಎಂದಿದ್ದಳು. ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಅವನು ಇಬ್ಬರ ಬಾಯಿಯನ್ನೂ ಮುಚ್ಚಿಸಿದ್ದ.

ಚೀಟಿಯಲ್ಲಿ ಹೆಸರಿರಲಿಲ್ಲ, ಊರಿರಲಿಲ್ಲ. ಅರ್ಧ ಗಂಟೆಯೊಳಗೆ ನಾಗರಾಜ ಉಳಿದದ್ದನ್ನೆಲ್ಲ ತುಂಬಿಕೊಂಡಿದ್ದ: ಗಡ್ಡ, ಬೈಕು, ಬೇರೆ ಜಾತಿ.

ಅಮ್ಮ ಅಳಲಿಲ್ಲ. "ಮಾಲಿನಿಯ ಓಮ್ನಿ ತಕಂಡು ಹೋಗು" ಎಂದಳು. "ಬೇರೆ ಡ್ರೈವರ್ ಆದ್ರೆ ಸಂಜೆಯೊಳಗೆ ಊರಿಗೆಲ್ಲ ಡಂಗುರ."

ಒಪ್ಪುವಂಥ ಮಾತೇ. ಮೂರು ವರ್ಷ ಸುಚಿತಾಳನ್ನು ಹೊನ್ನಾವರದ ಕಾಲೇಜಿಗೆ ಬಿಟ್ಟು ಕರೆತಂದವಳು ಮಾಲಿನಿ. ಬಸ್ಸಿನಲ್ಲಿ ಹುಡುಗರ ಕಾಟ ಎಂದು ಆ ವ್ಯಾನನ್ನು ಗೊತ್ತು ಮಾಡಿಕೊಟ್ಟವನು ನಾಗರಾಜನೇ. ಕುಮಟೆಯ ಯಜಮಾನನೊಬ್ಬನ ಓಮ್ನಿ ಅದು. ಮಾಲಿನಿ ಓಡಿಸುತ್ತಿದ್ದಳು. ಪ್ಯಾಂಟು, ಕಾಕಿ ಶರ್ಟು, ಕಿವಿಯ ಮೇಲಕ್ಕೆ ಕತ್ತರಿಸಿದ ಕೂದಲು.

"ಆ ಅಂಗಡಿಯವ ಅಲ್ಲ ಅಂತ ಕಾಣ್ತದೆ ನಾಗಣ್ಣ" ಎಂದಳು ಅವಳು, ಗೇರು ಬದಲಿಸುತ್ತ. "ಪಾಪ, ಕನ್ನಡಕ ಹೋಯ್ತು."

"ನಿಂಗೆ ಎಂತ ಗೊತ್ತು? ಪ್ಯಾಂಟ್ ಹಾಕ್ದ ಕೂಡ್ಲೆ ಗಂಡಸಾಗೂದಿಲ್ಲ."

"ನಾನು ಎಂತ ಅಂತ ನಂಗೆ ಗೊತ್ತದೆ. ನೀನು ನಿನ್ನ ಕೆಲಸ ನೋಡು."

"ನಾಲಿಗೆ ಉದ್ದ ಆತು ನಿಂದು."

"ಗಿರಾಕಿ ಹಾಗಿದ್ದಾರೆ, ಎಂತ ಮಾಡೂದು!"

ಅಷ್ಟರಲ್ಲಿ ಅಮ್ಮನ ಫೋನು. ಮೀನಿನ ಬುಟ್ಟಿ ಹೊತ್ತು ಊರೂರು ತಿರುಗುವ ಗಣಪಿ ಓಡಿಹೋದ ಜೋಡಿಯನ್ನು ಇಡಗುಂಜಿಯಲ್ಲಿ ನೋಡಿದಳಂತೆ. ದೇವರ ಮುಂದೆ ತಾಳಿ ಕಟ್ಟುವ ತಯಾರಿ ಇರಬಹುದಂತೆ.

ಇಡಗುಂಜಿಯಲ್ಲಿ ಕೈಮುಗಿದು ನಿಂತಿದ್ದ ಒಂದು ಜೋಡಿ ಅವನಿಗೆ ಬೆನ್ನು ಹಾಕಿತ್ತು. ಗಂಡಿಗೆ ಗಡ್ಡವಿತ್ತು. ಪುರಾವೆ ಸಾಕಾಯಿತು, ನಾಗರಾಜ ಅವನ ಹೆಗಲು ಹಿಡಿದು ಜಗ್ಗಿದ. ತಿರುಗಿದ ಹೆಂಗಸು ಎಂಟು ತಿಂಗಳ ಬಸುರಿ. "ಎಂತಾ ನಿಂಗೆ? ಮನೇಲಿ ಯಾರೂ ಇಲ್ವಾ?" ಎಂದು ಅವಳು ಎತ್ತಿದ ದನಿಗೆ ಪಂಚಕಜ್ಜಾಯದ ಸಾಲು ಪೂರ್ತಿ ಇತ್ತ ತಿರುಗಿತು. ನಾಗರಾಜ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ವ್ಯಾನಿಗೆ ಓಡಿದ.

ಹೊನ್ನಾವರದಲ್ಲಿ ಲಾಡ್ಜುಗಳು. ಪ್ರತಿ ಕೌಂಟರಿನಲ್ಲೂ ಅದೇ ಪ್ರಶ್ನೆ: ಹುಡುಗ, ಹುಡುಗಿ ಬಂದಿದ್ದಾರಾ? ಪ್ರತಿ ಸಲ ಮಾಲಿನಿ ಎಂಜಿನ್ ಆರಿಸಿ, ಸ್ಟೇರಿಂಗ್ ಮೇಲೆ ಕೈಯಿಟ್ಟು ಕಾದಳು. ಹೊನ್ನಾವರ ಪೇಟೆ ದಾಟಿದ ಮೇಲೆ ಒಮ್ಮೆ ಕೇಳಿದಳು.

"ಹುಡುಗ ಸಿಕ್ಕಿದ್ರೆ ಎಂತ ಮಾಡ್ತೀ?"

"ಕಾಲು ಮುರಿತೆ."

"ಸುಚಿತಾಗೆ?"

"ಭಾನುವಾರದ ತನಕ ಕೋಣೆಲಿ ಹಾಕಿ ಬೀಗ."

"ಅದಕ್ಕೆ ಇಷ್ಟ ಇಲ್ದಿದ್ರೂ?"

"ಇಷ್ಟ ಕೇಳಿ ಯಾರಾದ್ರೂ ಬೋಟ್ ಕೊಡ್ತಾರಾ?"

ಮಾಲಿನಿ ಗೇರು ಏರಿಸಿದಳು. ಕುಮಟೆಯವರೆಗೂ ವ್ಯಾನು ಸ್ವಲ್ಪ ಜೋರಾಗಿಯೇ ಓಡಿತು.

ಕುಮಟೆಯಲ್ಲಿ ಮತ್ತೆ ಅಮ್ಮ. ಗಣಪಿಯ ಪ್ರಕಾರ ಜೋಡಿ ಈಗ ಓಂ ಬೀಚಿನಲ್ಲಿ. ಒಂದೇ ದಿನ ಇಡಗುಂಜಿಯಲ್ಲೂ ಗೋಕರ್ಣದಲ್ಲೂ ಗಣಪಿ ಮೀನು ಮಾರುವುದು ಹೇಗೆ ಎಂದು ಯಾರಾದರೂ ಕೇಳಬಹುದಿತ್ತು. ಸಂಶಯವೆಲ್ಲ ಒಂದೇ ಕಡೆ ಖರ್ಚಾಗಿದ್ದರಿಂದ ನಾಗರಾಜ ಕೇಳಲಿಲ್ಲ.

ಓಂ ಬೀಚಿನ ಹೋಟೆಲುಗಳಲ್ಲಿ ಹುಡುಗ ಹುಡುಗಿ ಕೂತ ಪ್ರತಿ ಮೇಜಿನ ಮುಂದೂ ಅವನು ಫೋಟೋ ಹಿಡಿದು ನಿಂತ. ಉಳಿದ ಮೇಜುಗಳ ಕಡೆ ಕಣ್ಣೂ ಹಾಯಿಸಲಿಲ್ಲ. ವಿದೇಶಿಯೊಬ್ಬ ಫೋಟೋ ನೋಡಿ, ಮಾರುವುದಕ್ಕೆಂದು ತಿಳಿದು, ಕೈಯಾಡಿಸಿ ಬೇಡವೆಂದ.

ನಾಲ್ಕು ಗಂಟೆಗೆ ಅಮ್ಮನ ಕೊನೆಯ ಫೋನು ಬಂತು. ಹಿಂದೆ ಜನರ ಗದ್ದಲ.

"ಎಲ್ಲಿದ್ದೀ ನೀನು?"

"ಪೇಟೆಗೆ ಬಂದಿದ್ದೆ. ಆತು ತಮಾ, ಸಾಕು. ಮನೆಗೆ ಬಾ."

ಅವಳ ದನಿ ನಡುಗುತ್ತಿತ್ತು. ಮಗಳ ದುಃಖ, ಎಂದುಕೊಂಡ ನಾಗರಾಜ. ಆ ಒಂದು ಊಹೆ ಮಾತ್ರ ಆ ದಿನ ಅರ್ಧದಷ್ಟು ಸರಿಯಾಗಿತ್ತು.

ಕುಮಟೆಯ ಬಸ್ ನಿಲ್ದಾಣದಲ್ಲಿ ಮಾಲಿನಿ ವ್ಯಾನು ನಿಲ್ಲಿಸಿದಳು. "ಓಮ್ನಿ ಯಜಮಾನರಿಗೆ ಒಪ್ಪಿಸ್ಬೇಕು. ನೀನು ಇಲ್ಲಿಂದ ಬಸ್ಸಿಗೆ ಹೋಗು."

ನಾಗರಾಜನಿಗೆ ಒಮ್ಮೆಲೇ ಕರುಳು ಕರಗಿತು. ಸೋತ ದಿನಗಳಲ್ಲಿ ಅವನಿಗೆ ಹಾಗಾಗುವುದುಂಟು. "ಬೆಳಿಗ್ಗಿಂದ ನೀರೂ ಕುಡೀದೆ ತಿರುಗಿದ್ಯಲ್ಲೇ. ನಮ್ಮ ಮನೆಯವರ ಹಾಗೆ ಮಾಡ್ದೆ."

"ಮನೆಯವಳು ಅಂತ ಬಾಯಿಬಿಟ್ಟು ಹೇಳಿದ್ಯಲ್ಲ ನಾಗಣ್ಣ, ನೆನಪಿಟ್ಕ" ಎಂದು ಅವಳು ನಕ್ಕಳು. ಓಮ್ನಿ ಅವಸರದಲ್ಲಿ ತಿರುಗಿ ಹೋಯಿತು.

ಅವನು ಮನೆ ತಲುಪುವಾಗ ಹೊತ್ತು ಮುಳುಗಿತ್ತು. ಅಮ್ಮ ಜಗಲಿಯಲ್ಲಿ, ಹೊರಗೆ ಹೋಗುವಾಗ ಉಡುವ ಸೀರೆಯಲ್ಲೇ ಕೂತಿದ್ದಳು. "ಹುಡುಗನ ಸುಳಿವೇ ಇಲ್ಲ" ಎಂದ ನಾಗರಾಜ, ಮೆಟ್ಟಿಲ ಮೇಲೆ ಕುಸಿಯುತ್ತ. "ಎಲ್ಲಿ ಅಡಗಿದ್ದಾನೋ, ಹೇಡಿ." ಅಮ್ಮ ನೀರಿನ ಚೊಂಬು ಕೊಟ್ಟು, ಅವನು ಕುಡಿದು ಮುಗಿಸುವವರೆಗೂ ಕಾದಳು.

"ಸುಚಿತಾಗೆ ಊಟ ಹಾಕಿ, ಮುರ್ಡೇಶ್ವರದಲ್ಲಿ ನಾನೇ ರೈಲ್ ಹತ್ತಿಸಿ ಬಂದೆ" ಎಂದಳು. "ಕುಮಟೆಲಿ ಮಾಲಿನಿಗೆ ಅದೇ ರೈಲ್ ಸಿಕ್ತಾ, ತಮಾ?"